ಎರಡನೇ ಸಲ ಕೇಳದ ವ್ಯಾನು

ನಾಗಸಂದ್ರದ ಹತ್ತಿರ ರಟ್ಟಿನ ಡಬ್ಬ ಮಾಡುವ ಕಾರ್ಖಾನೆಯೊಂದಿದೆ. ಅಲ್ಲಿನ ಆಫೀಸಿನಲ್ಲಿ ಅಕೌಂಟ್ಸ್ ಕೆಲಸ ನನಗೇ ಎಂದು ಫೋನು ಬಂದಾಗ ನಾನು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಮಗಳು ಹುಟ್ಟಿದಾಗ ಬಿಟ್ಟ ಕೆಲಸ. ಈಗ ಅವಳೇ ಕಾಲೇಜಿಗೆ ಹೋಗುತ್ತಾಳೆ. ಸಂಬಳ, ಸೌಲಭ್ಯ ಮಾತಾಡಲು ನಾಳೆ ಬನ್ನಿ ಎಂದರು.

"ಸಂಬಳ ಎಷ್ಟಾದ್ರೂ ಇರ್ಲಿ ಕಣೇ, ಕಂಪನಿ ವ್ಯಾನ್ ಇಸ್ಕೋ," ಎಂದರು ನಮ್ಮೆಜಮಾನರು. "ಆ ಮೊಣಕಾಲಿಟ್ಕೊಂಡು ಸಂಜಯನಗರದಿಂದ ದಿನಾ ಎರಡೆರಡು ಬಸ್ ಹತ್ತಿ ಇಳಿಯೋಕೆ ನಿನ್ ಕೈಲಾಗಲ್ಲ."

ಮಾತು ನಿಜ. ವ್ಯಾನ್ ಇದ್ದರೆ ಕೆಲಸ, ಇಲ್ಲದಿದ್ದರೆ ಮತ್ತೆ ಹುರುಳಿಕಾಯಿ.

ಸಂಬಳದ ತರಬೇತಿಯನ್ನು ಮಗಳು ವಹಿಸಿಕೊಂಡಳು. "ಅಮ್ಮ, ನಂಬರ್ ನೀನು ಹೇಳ್ಬೇಡ. ಅವ್ರು ಹೇಳಿದ್ ಮೇಲೆ ಸುಮ್ನೆ ಕೂತ್ಕೋ. ಮುಖ ಉಪ್ಪಿಲ್ಲದ ಸಾರು ತಿಂದೋರ ಥರ ಇರ್ಲಿ."

"ನಿಮ್ಮಪ್ಪ ಸಾರು ಮಾಡಿದ ದಿನ ನೋಡಿಲ್ವಾ? ತಾನಾಗೇ ಬರುತ್ತೆ ಬಿಡು."

ವ್ಯಾನಿಗೆ ಯಾರೂ ತರಬೇತಿ ಕೊಡಲಿಲ್ಲ. ಬೇಕು ಅನ್ನುವುದಕ್ಕೆ ಎಂಥ ತರಬೇತಿ?

ಮರುದಿನ ಎದುರಿಗೆ ಕೂತದ್ದು ಗದಗದ ಕಡೆಯ ಹುಡುಗಿ, ಮುಂದೆ ಲ್ಯಾಪ್‌ಟಾಪ್. "ಕಾಫಿ ತಗೋತೀರೇನ್ರಿ?" ಎಂದಳು. "ಅಯ್ಯೋ, ಬೇಡ ಬೇಡ," ಎಂದೆ. ಆದರೂ ಅಟೆಂಡರ್ ತಂದಿಟ್ಟ. ಪರವಾಗಿಲ್ಲ, ನಮ್ಮ ಮನೆಗಳ ರೀತಿಯೇ ಇಲ್ಲೂ ನಡೆಯುತ್ತದೆ ಎಂದು ಧೈರ್ಯ ಬಂತು. ನಮ್ಮಲ್ಲಿ ಮೊದಲ ಸಲ ಬೇಡ ಅನ್ನುವುದು ಮರ್ಯಾದೆ, ಮತ್ತೆ ಮತ್ತೆ ಕೇಳಿ ಬಲವಂತ ಮಾಡುವುದು ಕೊಡುವವರ ಮರ್ಯಾದೆ.

ಸಂಬಳ ಹೇಳಿದಳು. ನಾನು ಸಾರಿನ ಮುಖ ಮಾಡಿ ಕೂತೆ. ಫ್ಯಾನಿನ ಸದ್ದು ಕೇಳುತ್ತಿತ್ತು. ಅವಳೇ ಸ್ವಲ್ಪ ಏರಿಸಿದಳು! ಆ ಖುಷಿಯಲ್ಲಿರುವಾಗಲೇ ಮುಂದಿನ ಪ್ರಶ್ನೆ ಬಂತು: "ವ್ಯಾನ್ ಬೇಕೇನ್ರಿ ಮೇಡಂ?"

"ಅಯ್ಯೋ, ನನಗೊಬ್ಬಳಿಗೋಸ್ಕರ ಯಾಕಮ್ಮಾ ತೊಂದರೆ, ಬೇಡ," ಎಂದು ನಗುತ್ತಾ ಎರಡನೇ ಸಲ ಕೇಳಲೆಂದು ಕಾದೆ.

ಅವಳು ಒಂದು ಗುಂಡಿ ಒತ್ತಿ, ಪಿಎಫ್ ವಿಷಯಕ್ಕೆ ಹೋದಳು.

ಮನೆಯಲ್ಲಿ ಮಗಳು ತಲೆ ಮೇಲೆ ಕೈ ಹೊತ್ತು ಕೂತಳು. "ಬೇಡ ಅಂದ್ಯಾ? ಅದೇನು ಬೀಗರ ಮನೆ ಹೋಳಿಗೆನಾ?" ಅವರಪ್ಪ ನಕ್ಕ ನಗು ಪಕ್ಕದ ಮನೆಗೂ ಕೇಳಿರಬೇಕು.

ಬೆಳಿಗ್ಗೆ ಆ ಹುಡುಗಿಗೆ ಫೋನ್ ಮಾಡಿ ಇದ್ದದ್ದು ಇದ್ದಹಾಗೆ ಹೇಳಿದೆ.

"ಅಯ್ಯ ಮೇಡಂ, ನಮ್ಮ ಕಡೀಗೂ ಹಂಗ ಐತ್ರಿ, ಮೂರು ಸಲ ಕರೀದ ಯಾರೂ ಊಟಕ್ಕ ಏಳಂಗಿಲ್ಲ," ಎಂದು ಅವಳೂ ನಕ್ಕಳು. "ಆದ್ರ ಈ ಸಿಸ್ಟಮ್‌ನ್ಯಾಗ ಒಂದ ಸಲ ಕೇಳಾಕ ಜಾಗ ಐತಿ. ಆ ಸೀಟು ನಿನ್ನೇನ ಬ್ಯಾರೇದವ್ರಿಗೆ ಹೋತು, ಈಗ ವ್ಯಾನ್ ತುಂಬೇತ್ರಿ. ಬಸ್ಸಿನ ಖರ್ಚು ಕೊಡಸ್ಲೇನು?"

"ಬೇಡಮ್ಮ."

"ಇದು ಖರೇ ಬ್ಯಾಡೋ, ಉಪಚಾರದ್ದೋ?"

"ಖರೇನೇ. ನನಗೆ ವ್ಯಾನೇ ಬೇಕು. ಮೊಣಕಾಲು ನೋವು, ಬಸ್ ಹತ್ತಕ್ಕಾಗಲ್ಲ. ವ್ಯಾನ್ ಇಲ್ಲಾಂದ್ರೆ ಕೆಲಸಕ್ಕೆ ಬರಕ್ಕಾಗಲ್ಲ."

ಇಷ್ಟು ಹೇಳಿ ಸುಮ್ಮನಾದೆ. ಫೋನಿನಲ್ಲಿ ಮುಖ ಕಾಣುವುದಿಲ್ಲ, ಆದರೂ ಅದೇ ಸಾರಿನ ಮುಖ ಮಾಡಿಕೊಂಡೆ. ಅತ್ತ ಯಾರನ್ನೋ ಕೇಳುವ ಗುಸುಗುಸು. ಆಮೇಲೆ ಅವಳ ದನಿ: "ಕಟ್ಟಕಡೀ ಸೀಟು ಐತಂತ್ರಿ, ಗಾಲಿ ಮ್ಯಾಲ. ಯಾರೂ ಕೂಡಂಗಿಲ್ಲ ಅಲ್ಲಿ. ನಡೀತದೇನ್ರಿ?"

ಯಾರೂ ಕೂರುವುದಿಲ್ಲ ಎಂದ ಮೇಲೆ ಯಾಕೆ ಎಂದು ಕೇಳಬೇಕಿತ್ತು. "ಧಾರಾಳವಾಗಿ," ಎಂದುಬಿಟ್ಟೆ.

ಈಗ ಮೊಣಕಾಲು ಆರಾಮಾಗಿದೆ. ಯಶವಂತಪುರದಿಂದಾಚೆಯ ಗುಂಡಿಗಳೆಲ್ಲ ಸೊಂಟದ ಪಾಲಿಗೆ ಬಂದಿವೆ. ಮುಂದಿನ ಸೀಟಿನ ಸ್ಟೋರ್ಸಿನವರು ಈ ತಿಂಗಳು ರಿಟೈರಾಗುತ್ತಾರಂತೆ, ಆ ಸೀಟಿಗೆ ನಾನಾಗಲೇ ಅರ್ಜಿ ಕೊಟ್ಟಾಗಿದೆ.