ಮಹಾದೇವಯ್ಯ ತೆಗೆದ ಇಳಿಜಾರಿನ ಚಿತ್ರ

ಸಕಲೇಶಪುರಕ್ಕೆ ರೈಲು ಬರುವ ಮೊದಲೇ ರೈಲುದಾರಿಯ ಚಿತ್ರ ತೆಗೆದವನು ಮಹಾದೇವಯ್ಯ. ಕಡಿಯುವ ಮುನ್ನ ಗುಡ್ಡ ಹೇಗಿತ್ತೆಂಬ ದಾಖಲೆಗಾಗಿ ಕಂಟ್ರಾಕ್ಟರ್ ಅವನನ್ನು ಕರೆಸಿದ್ದ. ಹಾಗೆ ಚಿತ್ರ ತೆಗೆದ ಇಳಿಜಾರೊಂದರಲ್ಲಿ ಅವನ ಹೆಂಡತಿ ದ್ರಾಕ್ಷಾಯಣಿಯ ಸಮಾಧಿಯಿತ್ತು. ಅಂಗೈಯಲ್ಲಿ ಲಿಂಗವಿಟ್ಟು ಕೂರಿಸಿದ ದೇಹವನ್ನು ಮತ್ತೆ ಅಗೆದು ಎಬ್ಬಿಸುವ ಪದ್ಧತಿ ಅವರಲ್ಲಿಲ್ಲ. ಹೀಗಾಗಿ ಮಣ್ಣಿನ ಏರಿ ಅವಳ ಮೇಲೆಯೇ ಎದ್ದಿತು.

ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ ಅಗಲ ಹಳಿ ಹಾಕಲೆಂದು ಹಳೆಯದನ್ನು ಕಿತ್ತು, ಜಲ್ಲಿ ಬಾಚಿದರು. ಹೊಸ ಜಲ್ಲಿ ಬೀಳುವುದರೊಳಗೆ ಒಮ್ಮೆಯಾದರೂ ಅವಳ ನೆತ್ತಿಯ ನೇರಕ್ಕೆ ವಿಭೂತಿ, ಬಿಲ್ವಪತ್ರೆ ಇಡಬೇಕೆಂಬ ಹಟ ಮಹಾದೇವಯ್ಯನನ್ನು ಹಿಡಿಯಿತು. ಜಾಗ ಹೇಳಬಲ್ಲದ್ದು ಅವನ ಬಳಿ ಉಳಿದಿದ್ದ ಆ ಚಿತ್ರದ ನೆಗೆಟಿವ್ ಒಂದೇ. ಹೊಳೆಯಾಚೆಯ ಯಾವ ಬಂಡೆ ಗುಡ್ಡಸಾಲಿನ ಯಾವ ತಗ್ಗಿನ ನೇರಕ್ಕಿತ್ತೆಂದು ಅದು ತೋರಿಸುತ್ತಿತ್ತು.

ಪೆಟ್ಟಿಗೆ ತೆರೆದರೆ ನೆಗೆಟಿವ್‌ಗಳು ಮಳೆಗಾಲದ ಥಂಡಿಗೆ ತೇವ ಹೀರಿ ಬೂಸಲು ಹಿಡಿದಿದ್ದವು. ಒಣಗಿಸಿ ಒರೆಸದೆ ಚಿತ್ರ ಕಾಣುವಂತಿರಲಿಲ್ಲ. ಅವನ್ನು ಹೊತ್ತು ವನಗೂರಿಗೆ, ತಂಗಿ ನೇತ್ರಾವತಿಯ ಮನೆಯಲ್ಲಿ ಬೆಂಕಿಯ ಕಾವಿಗೆ ಏಲಕ್ಕಿ ಒಣಗಿಸುವ ಗೂಡಿಗೆ ಹೋದ.

“ಇದ್ದಾಗ ಒಂದು ಸೀರೆ ತರ್ಲಿಲ್ಲ, ಈಗ ಅವಳ ಫಿಲಂ ಹೊತ್ಕೊಂಡು ಬಂದವ್ನೆ,” ಎಂದು ನೇತ್ರಾವತಿ ಛೇಡಿಸಿದಳು. “ಇಡು ಮಾರಾಯ. ಹಸಿ ಏಲಕ್ಕಿನೇ ಗರಿಗರಿ ಆಗ್ತೈತೆ, ಇದೇನು ಮಹಾ!”

ಜೀವಮಾನವೆಲ್ಲ ಫಿಲಂ ತೊಳೆದವನಿಗೆ ಕಾವಿನ ಕೇಡು ತಿಳಿಯದ್ದಲ್ಲ. ಆದರೆ ಎರಡೇ ದಿನದಲ್ಲಿ ಜಲ್ಲಿ ಬರುವುದೆಂದು ಕೇಳಿದ್ದ. ನೆರಳಲ್ಲಿ ಆರಲು ವಾರ ಬೇಕು. ಇಟ್ಟುಬಿಟ್ಟ.

ಬೆಳಿಗ್ಗೆ ಅವು ಕರಗಿ, ಒಂದಕ್ಕೊಂದು ಅಂಟಿ, ಬೆಲ್ಲದ ಅಚ್ಚಿನಂತಾಗಿದ್ದವು. ಬಿಡಿಸಿದರೆ ಗುಡ್ಡ ಒಂದರಲ್ಲಿ, ಆಕಾಶ ಇನ್ನೊಂದರಲ್ಲಿ ಕಿತ್ತು ಬಂತು. ದ್ರಾಕ್ಷಾಯಣಿಯ ಇಳಿಜಾರು ಯಾವುದರಲ್ಲೂ ಉಳಿದಿರಲಿಲ್ಲ.

ಆದರೂ ಏರಿಗೆ ಹೋದ. ಗುಡ್ಡಸಾಲಿನ ತಗ್ಗುಗಳನ್ನು ಸಿಲ್ವರ್ ಓಕ್ ಮರಗಳು ಮುಚ್ಚಿದ್ದವು. ಹೊಳೆಯಾಚೆ ಒಂದಿದ್ದ ಬಂಡೆಯನ್ನು ಸಿಡಿಸಿ ನಾಲ್ಕಾಗಿಸಿದ್ದರು. ಮನಸ್ಸಿನಲ್ಲಿ ಅಷ್ಟು ಖಚಿತವಾಗಿದ್ದ ಜಾಗ ನೆಲದ ಮೇಲೆ ಎಲ್ಲಿಯೂ ಇರಲಿಲ್ಲ.

ಅವನ ಕೈಯ ವಿಭೂತಿ ಪೊಟ್ಟಣ ಕಂಡು ಹಳಿ ಕೆಲಸದ ಕುಳ್ಳಯ್ಯ ಜಲ್ಲಿ ಲಾರಿ ತಡೆದು ನಿಲ್ಲಿಸಿದ. “ಯಾವ್ ಜಾಗ ತೋರ್ಸಿ ಸ್ವಾಮಿ, ಪೂಜೆ ಮುಗಿಯಗಂಟ ಕಾಯ್ತೀವಿ.”

ಮಹಾದೇವಯ್ಯ ಏರಿಯುದ್ದಕ್ಕೂ ಹೋಗಿ ಮರಳಿ ಬಂದ.

“ಇಲ್ಲೇ ಅಂದ್ಕೊಂಡು ಇಟ್ಬುಡಿ ಮತ್ತೆ. ದೇವ್ರಿಗೆ ಗೊತ್ತಾಯ್ತದೆ ಕಣ್ರೀ.”

“ದೇವ್ರಿಗಲ್ಲ ಕಣೋ ತಂದಿದ್ದು,” ಎಂದ ಮಹಾದೇವಯ್ಯ. “ಅಂದ್ಕೊಳ್ಳೋದಾಗಿದ್ರೆ ಮನೇಲೇ ಕೂತು ಅಂದ್ಕೋತಿದ್ದೆ.”

ವಿಭೂತಿಯ ಪೊಟ್ಟಣವನ್ನು ಬಿಚ್ಚದೆ ಜೇಬಿಗಿಟ್ಟು, ಲಾರಿಗೆ ದಾರಿ ಬಿಟ್ಟು ನಿಂತ. ಜಲ್ಲಿ ಸುರಿಯಿತು.