ಅಂಕಪಟ್ಟಿಗೆ ಕೊಟ್ಟ ಚೀಟಿ

ಆ ಏಜೆಂಟನನ್ನು ತರಗತಿಯೊಳಗೆ ಬಿಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರನ್ನು ಬೇಕಾದರೂ ಬಯ್ಯಬಹುದು. ತಿಕೋಟಾದ ಪಿಯು ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಅವನು ಬಬಲೇಶ್ವರದವನು, ವಿಜಯಪುರದ ಯಾವುದೋ ಖಾಸಗಿ ನರ್ಸಿಂಗ್ ಕಾಲೇಜಿಗೆ ಮಕ್ಕಳನ್ನು ಹಿಡಿಯಲು ಬಂದಿದ್ದ. ಬಾಯಿ ತುಂಬ ಮೇಡಂ, ಮೇಡಂ. ಹತ್ತು ನಿಮಿಷ ಮಾತಾಡುತ್ತೇನೆಂದ, ಮಾತಾಡು ಎಂದೆ. ಮುಂದಿನ ಬೆಂಚಿನ ಹುಡುಗಿಯನ್ನು ಕಳಿಸಿ ಚಹಾ ಬೇರೆ ತರಿಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ಆ ಚಹಾ ತಂದ ಹುಡುಗಿ ಬಿಜ್ಜರಗಿಯವಳು. ಕುರಿ ಕಾಯುವ ಮನೆತನ, ಈಚೆಗೆ ಒಂದಿಷ್ಟು ದ್ರಾಕ್ಷಿ. ನರ್ಸ್ ಆಗಲೇಬೇಕೆಂಬ ಹಟ ಅವಳದು. ಪ್ರವೇಶ ಪರೀಕ್ಷೆಯ ಅರ್ಜಿ ತುಂಬಿದ್ದು, ಜಾತಿ, ಆದಾಯದ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಅಲೆದದ್ದು ನಾವಿಬ್ಬರೂ ಕೂಡಿ. ಸರ್ಕಾರಿ ಕಾಲೇಜಿನಲ್ಲೇ ಸೀಟು ಬಂತು. ಶನಿವಾರ ಸಂಜೆಯೊಳಗೆ ಮೂಲ ಅಂಕಪಟ್ಟಿ ತೋರಿಸಿ ಸೇರಬೇಕಿತ್ತು, ಇಲ್ಲವಾದರೆ ಸೀಟು ಹೋಯಿತೆಂದೇ ಲೆಕ್ಕ.

ಶುಕ್ರವಾರ ಅವಳಪ್ಪ ಬಂದು ನನ್ನ ಟೇಬಲ್ ಮೇಲೆ ಒಂದು ಚೀಟಿ ಇಟ್ಟ.

"ಮಾರ್ಕ್ಸ್ ಕಾರ್ಡ್ ಎಲ್ಲೈತ್ರಿ?" ಎಂದೆ.

"ಆವತ್ತ ನಿಮ್ಮ ಕ್ಲಾಸಿಗೆ ಬಂದಿದ್ರಲ್ರಿ, ಆ ಸರ್ ಮನೀಗೆ ಬಂದು ಒಯ್ದಾರ. ಸೀಟ್ ಹಿಡದಿಡ್ತೇವಿ ಅಂದ್ರು. ಮಾರ್ಕ್ಸ್ ಕಾರ್ಡ್ ಮುಟ್ಟೇತಿ ಅಂತ ಬರದು ಸಹಿ ಮಾಡಿ ಚೀಟಿ ಕೊಟ್ಟಾರ ನೋಡ್ರಿ. ಸ್ಟೋರೇಜಿನ್ಯಾಗ ಮಣೂಕ ಇಟ್ಟಂಗ ಅಂತ ತಿಳದ್ನಿರಿ."

ನಮ್ಮ ಕಡೆ ಒಣದ್ರಾಕ್ಷಿಯನ್ನು ಹಾಗೇ ಇಡುತ್ತಾರೆ. ಕೋಲ್ಡ್ ಸ್ಟೋರೇಜಿಗೆ ಬಾಕ್ಸ್ ಒಪ್ಪಿಸಿದರೆ ಒಂದು ಚೀಟಿ, ದರ ಬಂದಾಗ ಚೀಟಿ ತೋರಿಸಿದರೆ ಮಾಲು ಕೈಗೆ. ಅವನು ಮಗಳ ಅಂಕಪಟ್ಟಿಯನ್ನೂ ಅದೇ ನಂಬಿಕೆಯಿಂದ ಕೊಟ್ಟಿದ್ದ. ಅವನನ್ನು ಏನೆಂದು ಬಯ್ಯಲಿ?

ಹುಡುಗಿಯನ್ನೂ ಕರೆದುಕೊಂಡು ಮೂವರೂ ಬಬಲೇಶ್ವರಕ್ಕೆ ಹೋದೆವು. ಏಜೆಂಟ್ ಮನೆ ಬಾಗಿಲಲ್ಲೇ ನಿಂತು, "ನನ್ನ ಕಡೆ ಏನಿಲ್ರಿ ಮೇಡಂ, ಎಲ್ಲಾ ಆಫೀಸಿಗೆ ಮುಟ್ಟಿಸೇನಿ," ಎಂದ. ಕುಡಿಯಲು ನೀರು ಬೇಕೇ ಎಂದೂ ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ವಿಜಯಪುರದ ಆ ಕಾಲೇಜಿನ ಆಫೀಸಿನಲ್ಲಿ ಕೂತೆವು. ಅಪ್ಪ ಚೀಟಿ ಚಾಚಿದ. ಕ್ಲರ್ಕ್ ಅದನ್ನು ಮುಟ್ಟಲೂ ಇಲ್ಲ.

"ಚೇರಮನ್‌ರ ಸಹಿ ಆಗಬೇಕ್ರಿ. ಸೋಮವಾರ ಬರ್ರಿ."

"ಸೋಮವಾರದ ತನಕ ಈಕಿ ಸೀಟ್ ಉಳಿಯೂದಿಲ್ಲೋ ಮಾರಾಯಾ," ಎಂದೆ.

"ಸೀಟಿಗೇನ್ರಿ, ನಮ್ಮಲ್ಲೇ ಐತೆಲ್ಲ," ಎಂದು ನಕ್ಕ.

ಆ ನಗು ನೋಡಿ ನನ್ನ ಮೈಯೆಲ್ಲ ಉರಿಯಿತು. ಸರ್ಕಾರಿ ಸೀಟು ತಪ್ಪಲಿ, ಬೇರೆ ದಾರಿಯಿಲ್ಲದೆ ನಮ್ಮಲ್ಲೇ ಬಂದು ಬೀಳಲಿ ಎಂದೇ ಇವರು ಅಂಕಪಟ್ಟಿ ಹಿಡಿದಿಡುವುದು. ಬಾಯಿಗೆ ಬಂದಂತೆ ಬೈದೆ. ಪೊಲೀಸರನ್ನು ಕರೆಯುತ್ತೇನೆಂದೆ. "ಕರೀರಿ," ಎಂದು ಅವನು ಊಟಕ್ಕೆ ಎದ್ದುಹೋದ. ಸರ್ಕಾರಿ ಕಾಲೇಜಿಗೆ ಫೋನ್ ಹಚ್ಚಿದರೆ ಮೂಲಪ್ರತಿ ಇಲ್ಲದೆ ಆಗುವುದಿಲ್ಲವೆಂದರು. ಸಂಜೆ ಐದಕ್ಕೆ ಇಲ್ಲಿ ಆಫೀಸಿಗೆ ಬೀಗ ಬಿತ್ತು. ಹುಡುಗಿ ಅಳಲಿಲ್ಲ, ಅತ್ತಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಸೋಮವಾರ ಅದೇ ಕ್ಲರ್ಕ್ ಕಪಾಟು ತೆರೆದು ಅಂಕಪಟ್ಟಿ ತೆಗೆದು ಕೊಟ್ಟ. ಯಾವ ಚೇರಮನ್ನೂ ಬರಲಿಲ್ಲ, ಯಾವ ಸಹಿಯೂ ಆಗಲಿಲ್ಲ. ಅಪ್ಪ ಅದನ್ನು ತಿರುವಿ ನೋಡಿ, ಎಲ್ಲೂ ಹರಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಕೈ ಮುಗಿದ. "ಭಾಳ ಉಪಕಾರ ಆತ್ರಿ ಸಾಹೇಬ್ರ."

ಆ ಮುಗಿದ ಕೈ ಹಿಡಿದು ಕೆಳಗೆಳೆಯಬೇಕೆನಿಸಿತು ನನಗೆ. ಕ್ಲರ್ಕ್ ಚೀಟಿ ವಾಪಸ್ ಕೇಳಿದ. ಹುಡುಗಿ ಅದನ್ನು ಅಪ್ಪನ ಕೈಯಿಂದ ಕಿತ್ತುಕೊಂಡು, ಮಡಚಿ ಮುಷ್ಟಿಯಲ್ಲಿ ಹಿಡಿದು ಹೊರಗೆ ನಡೆದುಬಿಟ್ಟಳು.

ತಿಕೋಟಾದ ಬಸ್ಸಿನಲ್ಲಿ ನನ್ನ ಪಕ್ಕ ಕೂತಳು. ಮುಷ್ಟಿ ಬಿಚ್ಚಿ ಚೀಟಿಯ ಮಡಿಕೆ ಸರಿಮಾಡುತ್ತ ಕೇಳಿದಳು, "ಮೇಡಂ, ಮುಂದಿನ ವರ್ಷ ಅವ ಮತ್ತ ನಮ್ಮ ಕಾಲೇಜಿಗೆ ಬರ್ತಾನಲ್ರಿ?"

"ಬರ್ತಾನ."

"ಆವತ್ತ ನನಗ ಫೋನ್ ಮಾಡ್ರಿ. ಈ ಚೀಟಿ ತಗೊಂಡು ಬರ್ತೇನಿ, ಎಲ್ಲಾರ ಮುಂದ ಓದಿ ತೋರಸ್ತೇನಿ." ಕಿಟಕಿಯ ಕಡೆ ಮುಖ ತಿರುಗಿಸಿದಳು. "ಚಹಾ ತರಾಕ ಮಾತ್ರ ನನ್ನ ಕಳಸಬ್ಯಾಡ್ರಿ."