ಮೇಡಂ ಒಪ್ಪದ ಗೆರೆ

ಮೊನ್ನೆ ನಾಸಿಕದ ಮನೆಯಲ್ಲಿ ನೀರಿನ ಫಿಲ್ಟರ್ ಬಿಚ್ಚಿದಾಗ ಒದ್ದೆ ಇದ್ದಿಲಿನ ಪುಡಿ ಅಂಗೈಗೆ ಮೆತ್ತಿಕೊಂಡಿತು. ಮೂಗಿನ ಹತ್ತಿರ ಹಿಡಿದೆ... ಆಗಿನ ಔರಂಗಾಬಾದು, ಪ್ರಯೋಗಾಲಯ, ನನ್ನ ಗೈಡ್ ಆಗಿದ್ದ ಮೇಡಂ, ಎಲ್ಲ ಒಮ್ಮೆಗೇ ನೆನಪಾದವು.

ಮೇಡಂ ಬೀದರಿನವರು, ನಾನು ಕಲಬುರಗಿಯವಳು. ಅವರ ಪಾಠ ಇಂಗ್ಲಿಷಿನಲ್ಲಿ, ಹರಟೆ ಮರಾಠಿಯಲ್ಲಿ, ಬೈಗುಳ ಮಾತ್ರ ಅಚ್ಚ ಕನ್ನಡದಲ್ಲಿ. ಹೀಗಾಗಿ ನನ್ನ ಕನ್ನಡಕ್ಕೆ ಆ ಊರಲ್ಲಿ ತುಕ್ಕು ಹಿಡಿಯಲಿಲ್ಲ.

ನೀರಿನಲ್ಲಿರುವ ಫಿನಾಲ್ ಎಂಬ ವಿಷವನ್ನು ಇದ್ದಿಲು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಎಷ್ಟು ಕಾಲ ಹಿಡಿದಿಟ್ಟುಕೊಳ್ಳುತ್ತದೆ ಎಂದು ಮೊದಲೇ ಹೇಳುವ ಲೆಕ್ಕ ನನ್ನ ಸಂಶೋಧನೆ. ಕಂಪ್ಯೂಟರ್ ಎಳೆದ ಗೆರೆಯ ಮೇಲೆ ಪ್ರಯೋಗದ ಚುಕ್ಕೆಗಳೆಲ್ಲ ಸಾಲಾಗಿ ಕೂತಿದ್ದವು. ಅದನ್ನು ನಂಬಿ, ಬಣ್ಣದ ಕಾರ್ಖಾನೆ ಪಕ್ಕದ ಹಳ್ಳಿಶಾಲೆಯ ಹೊಸ ಬೋರ್‌ವೆಲ್ಲಿಗೆ ದಾನಿಗಳು ಇದ್ದಿಲಿನ ಫಿಲ್ಟರ್ ಕೂಡಿಸಿದ್ದರು. ಉದ್ಘಾಟನೆಗೆ ಪೆಂಡಾಲು ಎದ್ದಿತ್ತು. ಮೇಡಂ ಸಹಿಯೊಂದೇ ಬಾಕಿ.

“ಒಂದು ವರ್ಷ ಆರಾಮ ನಡೀತದ್ರಿ ಮೇಡಂ,” ಎಂದೆ.

“ಇದು ನೀ ಫಿನಾಲ್ ಒಂದೇ ಹಾಕಿ ಮಾಡಿದ ನೀರು. ಹುಡುಗರು ಕುಡಿಯೋ ನೀರಾಗ ಬಣ್ಣನೂ ಅದ. ವೈಜಾಪುರ ಬಸ್ಸಿನ್ಯಾಗ ಕಿಟಕಿಯಿಂದ ಕರ್ಚೀಪ್ ಒಗದು ಸೀಟು ಹಿಡೀತಿ, ಖರೆ. ಗಟ್ಟಿ ಮಂದಿ ಬಂದು ಎಬ್ಬಿಸಿದ್ರ ಏನ್ ಮಾಡ್ತಿ? ಆ ಬೋರಿನ ನೀರೇ ತಂದು ಹಾಕು.”

ಮೇಲಿನವರ ಫೋನ್ ಬಂತು, ದಾನಿಗಳು ಮುನಿಸಿಕೊಂಡರು. ಮೇಡಂ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ನಾನು ಗೊಣಗುತ್ತಲೇ ಕ್ಯಾನುಗಳಲ್ಲಿ ನೀರು ತಂದು ಇದ್ದಿಲಿನ ಮೇಲೆ ಹರಿಸಿದೆ. ಮೊದಮೊದಲು ಎಲ್ಲ ಸರಿಯಿತ್ತು. ಆಮೇಲೆ ಬಣ್ಣ ಬಂದು ಜಾಗ ಹಿಡಿಯಿತು, ಕೂತಿದ್ದ ಫಿನಾಲ್ ಎದ್ದು ಹೊರಟಿತು. ಒಳಗೆ ಹೋಗುವ ನೀರಿಗಿಂತ ಹೊರಗೆ ಬರುವ ನೀರಿನಲ್ಲೇ ವಿಷ ಹೆಚ್ಚು! ನೋಡಲು ಮಾತ್ರ ತಿಳಿನೀರು. ಮೇಡಂ ಅವರನ್ನು ಕರೆದೆ, ಇಬ್ಬರೂ ಕೂತು ಮತ್ತೊಮ್ಮೆ ಅಳೆದೆವು.

ಬೋರ್‌ವೆಲ್ಲಿಗೆ ಬೀಗ ಬಿತ್ತು, ಶಾಲೆಗೆ ಟ್ಯಾಂಕರ್ ಬರತೊಡಗಿತು. “ಈಗ ಛಲೋ ಲೆಕ್ಕ ಮಾಡು, ತಂಗಿ,” ಎಂದರು ಮೇಡಂ. ಬಣ್ಣವನ್ನೂ ಫಿನಾಲನ್ನೂ ಜೊತೆಗಿಟ್ಟುಕೊಂಡು ಹೊಸದಾಗಿ ಮಾಡಿದೆ. ಅದೇ ನನ್ನ ಥೀಸಿಸ್ ಆಯಿತು. ಗಟ್ಟಿ ಕೆಲಸ ಎಂದು ಇಂದಿಗೂ ಎದೆ ತಟ್ಟಿ ಹೇಳುತ್ತೇನೆ.

ಮೇಡಂ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ನಾನು ತುಂಬಾ ಅತ್ತೆ. ಆ ಶಾಲೆಯ ಮಕ್ಕಳು ಈಗ ದೊಡ್ಡವರಾಗಿರಬೇಕು. ಎದ್ದ ಪೆಂಡಾಲನ್ನು ಹಾಗೇ ಬಿಚ್ಚಿದರು, ಪೇಢೆ ಸಿಗಲಿಲ್ಲ ಎಂಬುದಷ್ಟೇ ಅವರಿಗೆ ನೆನಪಿದ್ದೀತು. ತಾವು ಕುಡಿಯದೇ ಉಳಿದ ಆ ನೀರಿನ ಸಂಗತಿ ಅವರಿಗೆ ಹೇಗೆ ತಿಳಿಯಬೇಕು? ಅದನ್ನು ಅಳೆದು ಕಣ್ಣಾರೆ ಕಂಡವರು ನಾವಿಬ್ಬರೇ ಇದ್ದೆವು. ಈಗ ನಾನೊಬ್ಬಳೇ.